ಸೀಸ ಕೆದರಿದ ಅರ್ಧ ಕಿಲೋ

ಮಾನ್ಯ ಸಂಪಾದಕರೇ,

ಕ್ರೈಸ್ತರು ಮಾತೆತ್ತಿದರೆ ‘ದೇವರ ಕೈಗೆ ಒಪ್ಪಿಸಿದ್ದೇವೆ’ ಎನ್ನುತ್ತಾರೆ, ಅದು ಕೈಲಾಗದವರ ಮಾತು ಎಂದು ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಎರಡು ದಿನ ಬಿಟ್ಟು ಇನ್ನೊಬ್ಬರು ಅದಕ್ಕೆ ಉತ್ತರ ಕೊಟ್ಟರು. ದೇವರಿಗೆ ಒಪ್ಪಿಸಿದ ಮೇಲೆ ತಮ್ಮ ಸಾಲ ತೀರಿತು, ಮನೆಯ ಮೇಲೆ ಮಹಡಿ ಎದ್ದಿತು ಎಂಬುದು ಅವರ ಉತ್ತರ. ಮೊದಲನೆಯವರಿಗಿಂತ ಈ ಎರಡನೆಯವರ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು. ನಮ್ಮವರೇ ಆದ್ದರಿಂದ ಇರಬಹುದು.

ನಾನು ಗದಗ ಪಕ್ಕದ ಬೆಟಗೇರಿಯವನು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಇಲ್ಲಿಗೆ ಬಂದದ್ದು 1841ರಲ್ಲಿ. ನಮ್ಮ ಮನೆತನ ಅವರ ಕಾಲದಿಂದಲೂ ಇಲ್ಲಿನ ಕ್ರೈಸ್ತ ಸಭೆಯಲ್ಲಿದೆ. ಮೂವತ್ತೆಂಟು ವರ್ಷ ಕಿರಾಣಿ ಅಂಗಡಿ ನಡೆಸಿ, ಮಂಡಿ ನೋವು ತಾಳಲಾರದೆ ಮುಚ್ಚಿದೆ. ಈಗ ನನಗೆ ಎಪ್ಪತ್ತೊಂದು. ಆದ್ದರಿಂದ ನಾನು ಮಾತನಾಡಬಲ್ಲದ್ದು ತಕ್ಕಡಿಯ ಬಗ್ಗೆ ಮಾತ್ರ.

ಎಲೆಕ್ಟ್ರಾನಿಕ್ ತಕ್ಕಡಿ ಬರುವ ಮುಂಚಿನ ಕಬ್ಬಿಣದ ತೂಕದ ಬಟ್ಟುಗಳನ್ನು ನೋಡಿದವರಿಗೆ ಗೊತ್ತಿರುತ್ತದೆ. ಬಟ್ಟಿನಲ್ಲಿ ಒಂದು ಸಣ್ಣ ಗುಳಿ ಇರುತ್ತದೆ. ಅದರಲ್ಲಿ ಸೀಸ ತುಂಬಿ ತೂಕವನ್ನು ಸರಿಹೊಂದಿಸಿ, ಆ ಸೀಸದ ಮೇಲೆಯೇ ಸರ್ಕಾರದವರು ಮುದ್ರೆ ಒತ್ತುತ್ತಾರೆ. ಸೀಸ ಮೆತ್ತಗಿನ ಲೋಹ. ಸ್ಕ್ರೂಡ್ರೈವರ್ ತುದಿಯಿಂದ ಕೆದರಿದರೆ ಬೆಣ್ಣೆಯಂತೆ ಸುರುಳಿಯಾಗಿ ಬರುತ್ತದೆ. ಗುಳಿಗೆ ಮೇಣ ತುಂಬಿ ಮೇಲೆ ಮಸಿ ಸವರಿದರೆ ಗಿರಾಕಿಯ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ನನ್ನಲ್ಲಿ ಅರ್ಧ ಕಿಲೋದ ಬಟ್ಟುಗಳು ಎರಡಿದ್ದವು. ಮುದ್ರೆಯದ್ದು ತಪಾಸಣೆಯವರಿಗೆ. ಸೀಸ ಕೆದರಿದ್ದು, ಗಲ್ಲಾಪೆಟ್ಟಿಗೆಯ ಹಿಂದೆ ಗೋಣಿಚೀಲದಡಿ ಇರುತ್ತಿದ್ದದ್ದು, ಶನಿವಾರಕ್ಕೆ. ಶನಿವಾರ ನೇಕಾರರಿಗೆ ಬಟವಾಡೆಯ ದಿನ. ಸಂಜೆ ಅಂಗಡಿಯ ಮುಂದೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಎಲ್ಲರೂ ಒಯ್ಯುತ್ತಿದ್ದದ್ದು ಅರ್ಧರ್ಧ ಕಿಲೋ: ತೊಗರಿಬೇಳೆ, ಸಕ್ಕರೆ, ಕಡಲೆಬೇಳೆ.

ಅದೇ ಕಾಲದಲ್ಲಿ ನಾನು ಪ್ರತಿದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಕಣ್ಣು ಮುಚ್ಚಿ, ‘ಕರ್ತನೇ, ಈ ಅಂಗಡಿಯನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ’ ಎಂದು ಪ್ರಾರ್ಥಿಸುತ್ತಿದ್ದೆ. ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ಬಾಕಿ ಇತ್ತು. ಒಪ್ಪಿಸಿದ್ದೆಲ್ಲ ಆ ಬಾಕಿಯನ್ನೇ. ಗೋಣಿಚೀಲದಡಿ ಇದ್ದದ್ದು ಆ ಒಪ್ಪಂದದೊಳಗೆ ಸೇರಿರಲಿಲ್ಲ.

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ. ಸತ್ಯವೇದದ, ಅಂದರೆ ಬೈಬಲ್‌ನ, ಒಂದು ಅಧ್ಯಾಯ ಓದಬೇಕು, ಯಾವುದನ್ನೂ ಬಿಡದೆ, ಸರದಿಯಂತೆ. 1989ರ ಮಳೆಗಾಲದ ಒಂದು ರಾತ್ರಿ ಹತ್ತು ವರ್ಷದ ಮಗಳ ಸರದಿ. ಧರ್ಮೋಪದೇಶಕಾಂಡದ ಇಪ್ಪತ್ತೈದನೆಯ ಅಧ್ಯಾಯ. ಚೀಲದಲ್ಲಿ ಹೆಚ್ಚು ತೂಕದ್ದೊಂದು ಕಡಿಮೆ ತೂಕದ್ದೊಂದು ಕಲ್ಲು ಇಟ್ಟುಕೊಳ್ಳಬಾರದು, ಮನೆಯಲ್ಲಿ ದೊಡ್ಡದೊಂದು ಚಿಕ್ಕದೊಂದು ಅಳತೆ ಇರಬಾರದು ಎಂಬ ಮಾತು ಅಲ್ಲಿ ಬರುತ್ತದೆ. ಓದಿ ಮುಗಿಸಿದವಳು ತಲೆ ಎತ್ತಿ ಕೇಳಿದಳು: ‘ಅಪ್ಪಾ, ನಮ್ಮಲ್ಲೂ ಅರ್ಧ ಕಿಲೋದವು ಎರಡು ಇವೆಯಲ್ಲ, ಅವುಗಳಲ್ಲಿ ಯಾವುದು ದೊಡ್ಡದು?’

ಅವಳು ಆರೋಪಿಸಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ನಾನು ‘ಆಮೆನ್ ಹೇಳು, ಅನ್ನ ಆರುತ್ತಿದೆ’ ಎಂದೆ. ಹೆಂಡತಿ ನನ್ನ ಮುಖ ನೋಡಿದಳು. ಅವಳೂ ಏನೂ ಹೇಳಲಿಲ್ಲ.

ಇದಾದ ಮೇಲೆ ಎರಡು ಶನಿವಾರ ಅದೇ ಬಟ್ಟಿನಲ್ಲಿ ತೂಗಿದೆ. ಮನಸ್ಸು ಕುಟ್ಟುತ್ತಿದ್ದರೂ ಕೈಗೆ ರೂಢಿಯಾಗಿತ್ತು. ಮೂರನೆಯ ವಾರ ಪರಿಚಯದ ಅಕ್ಕಸಾಲಿಗರ ಬಳಿ ಅದನ್ನು ತೂಗಿಸಿದೆ. ಹದಿನೆಂಟು ಗ್ರಾಂ ಕಡಿಮೆ. ‘ಇಷ್ಟೇ ತಾನೇ’ ಎಂದು ಮೊದಲು ಅನ್ನಿಸಿತು. ರಾತ್ರಿ ಉದ್ರಿ ಖಾತೆಯ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ವಾರಕ್ಕೆ ನಾಲ್ಕು ಅರ್ಧ ಕಿಲೋ ಒಯ್ಯುವ ಮನೆಗೆ ಮೂರು ವರ್ಷದಲ್ಲಿ ಹತ್ತು ಕಿಲೋಗಿಂತ ಹೆಚ್ಚು ಖೋತಾ. ಅಂಥ ಮನೆಗಳು ಖಾತೆಯಲ್ಲಿ ಇಪ್ಪತ್ತಾರು.

ಮೊದಲ ಪತ್ರದ ಲೇಖಕರಿಗೆ ನಾನು ಹೇಳಬೇಕಾದದ್ದು ಇಲ್ಲಿದೆ. ನಾನು ಒಪ್ಪಿಸಿಕೊಟ್ಟದ್ದು ಆ ರಾತ್ರಿ, ಅದೂ ಅರೆಮನಸ್ಸಿನಿಂದ. ಒಪ್ಪಿಸಿದ ಮೇಲೆ ಕೈಕಟ್ಟಿ ಕುಳಿತುಕೊಳ್ಳಲು ಆಗಲಿಲ್ಲ. ನಿಜವಾದ ಕೆಲಸ ಶುರುವಾದದ್ದೇ ಆಗ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ದೇವರಿಗೆ ‘ನಿನ್ನ ಚಿತ್ತದಂತೆಯೇ ಆಗಲಿ’ ಎಂದ ಯೇಸು ಆಮೇಲೆ ಮನೆಗೆ ಹೋಗಿ ಮಲಗಲಿಲ್ಲ. ಎದ್ದು, ತನ್ನನ್ನು ಹಿಡಿಯಲು ಬಂದವರ ಎದುರಿಗೆ ನಡೆದ.

ಸುಂಕ ವಸೂಲಿಯ ಜಕ್ಕಾಯ ಯೇಸುವಿನ ಮುಂದೆ ನಿಂತು, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ ಕಥೆ ಲೂಕನ ಸುವಾರ್ತೆಯಲ್ಲಿದೆ. ನಾಲ್ಕರಷ್ಟು ಕೊಡುವ ಶಕ್ತಿ ನನಗಿರಲಿಲ್ಲ. ಯಾಜಕಕಾಂಡದ ಆರನೆಯ ಅಧ್ಯಾಯದಲ್ಲಿ ಸ್ವಲ್ಪ ಅಗ್ಗದ ದಾರಿ ಸಿಕ್ಕಿತು: ಅಸಲಿನ ಜೊತೆಗೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು. ವ್ಯಾಪಾರಿಯ ಬುದ್ಧಿ, ಶಾಸ್ತ್ರದಲ್ಲೂ ಚೌಕಾಸಿ ಮಾಡಿತು. ಬೇಳೆ ಸಕ್ಕರೆ ಕಟ್ಟಿಕೊಂಡು ಸೈಕಲ್ ಮೇಲೆ ಮನೆಮನೆಗೆ ಹೋದೆ. ಮುಗಿಯಲು ಒಂಬತ್ತು ತಿಂಗಳು ಹಿಡಿಯಿತು. ಇಬ್ಬರು ತೀರಿಹೋಗಿದ್ದರು, ಮಕ್ಕಳಿಗೆ ಕೊಟ್ಟೆ. ಒಂದು ಮನೆಯವರು ಇಚಲಕರಂಜಿಗೆ ದುಡಿಯಲು ಹೋದವರು ಸಿಗಲೇ ಇಲ್ಲ.

ಒಬ್ಬ ಹಿರಿಯ ನೇಕಾರ ಹೆಣ್ಣುಮಗಳು, ಹಣೆಯ ತುಂಬ ವಿಭೂತಿ, ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಾ ಕುಳಿತಿದ್ದರು. ನಾನು ತಡವರಿಸುತ್ತಾ ಹೇಳಿದ್ದನ್ನು ರಾಟೆ ನಿಲ್ಲಿಸದೆಯೇ ಕೇಳಿ, ‘ಗೊತ್ತಿತ್ತಪ್ಪ. ಮನೆಯಲ್ಲಿ ಸೇರಿನಿಂದ ಅಳೆದು ನೋಡುತ್ತಿದ್ದೆ. ನೀನು ಉದ್ರಿ ಕೊಡುತ್ತಿದ್ದೆ, ಬೇರೆ ಯಾರು ಕೊಡುತ್ತಿದ್ದರು? ಅದಕ್ಕೇ ಸುಮ್ಮನಿದ್ದೆ’ ಎಂದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬಡವರು ನನ್ನ ಕಳ್ಳತನವನ್ನು ಉದ್ರಿಯ ಬಡ್ಡಿ ಎಂದು ಲೆಕ್ಕ ಹಾಕಿಕೊಂಡು ತಿಂಗಳು ತಿಂಗಳು ತೆರುತ್ತಿದ್ದರು ಎಂಬುದು ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ.

ಈಗ ಎರಡನೆಯ ಲೇಖಕರಿಗೆ. ಸ್ವಾಮಿ, ನನ್ನ ಮನೆಗೆ ಮಹಡಿ ಏಳಲಿಲ್ಲ. ಸುದ್ದಿ ಹರಡಿ ಆರೇಳು ಖಾತೆದಾರರು ಅಂಗಡಿ ಬಿಟ್ಟರು, ಅವರದು ತಪ್ಪಲ್ಲ. ಹೆಂಡತಿಯ ಎರಡು ಬಳೆ ಗಿರವಿ ಇಟ್ಟೆ; ಒಂದನ್ನು ಬಿಡಿಸಿಕೊಂಡೆ. ಸಗಟು ವ್ಯಾಪಾರಿಯ ಬಾಕಿ ತೀರಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ಸಭೆಯ ಹಿರಿಯರೊಬ್ಬರು, ‘ಇದನ್ನೆಲ್ಲ ಊರಿಗೆ ಹೇಳಿಕೊಂಡು ನಮ್ಮ ಜನರ ಮರ್ಯಾದೆ ಏಕೆ ತೆಗೆದೆ, ದೇವರ ಮುಂದೆ ಅರಿಕೆ ಮಾಡಿದ್ದರೆ ಸಾಕಿತ್ತು’ ಎಂದು ಗದರಿದರು. ದೇವರು ನನ್ನ ಅಂಗಡಿಯಲ್ಲಿ ಬೇಳೆ ಕೊಂಡಿರಲಿಲ್ಲವಲ್ಲ ಎಂದು ಆಗ ನನಗೆ ಹೇಳಲು ತೋಚಲಿಲ್ಲ.

ಒಪ್ಪಿಸುವುದೆಂದರೆ ನಮ್ಮ ಕಷ್ಟಗಳ ಗಂಟನ್ನು ದೇವರ ತಲೆಗೆ ಕಟ್ಟಿ ಪ್ರತಿಫಲಕ್ಕೆ ಕಾಯುವುದು ಎಂದು ನಮ್ಮ ಪ್ರಾರ್ಥನಾ ಕೂಟಗಳೇ ಕಲಿಸುತ್ತಿವೆ. ವೇದವಾಕ್ಯವನ್ನು ಕ್ಯಾಲೆಂಡರಿನಲ್ಲಿ, ಆಟೋ ಹಿಂದೆ, ಮೊಬೈಲ್ ಸ್ಟೇಟಸ್‌ನಲ್ಲಿ ಹಾಕುತ್ತೇವೆ, ಅದರಲ್ಲೂ ಆಶೀರ್ವಾದದ ವಾಕ್ಯಗಳನ್ನೇ ಆರಿಸಿ. ಎರಡು ತೂಕದ ವಾಕ್ಯವನ್ನು ಆಟೋ ಹಿಂದೆ ನಾನು ಇದುವರೆಗೆ ಕಂಡಿಲ್ಲ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅದು ಅರ್ಥವಾಗದ ಭಾಷೆಯಲ್ಲೇ ಉಳಿದಿದ್ದರೆ ನನ್ನಂಥವರಿಗೆ ಎಷ್ಟು ಅನುಕೂಲವಿತ್ತು ಎಂದು ಒಮ್ಮೊಮ್ಮೆ ನಗು ಬರುತ್ತದೆ. ಹತ್ತು ವರ್ಷದ ಹುಡುಗಿಗೂ ತಿಳಿಯುವ ಕನ್ನಡದಲ್ಲಿ ಬಂದು ನನ್ನನ್ನು ಹಿಡಿಯಿತು.

ಲೂಕನ ಸುವಾರ್ತೆಯಲ್ಲೇ ಇನ್ನೊಂದು ಮಾತಿದೆ: ಅಳತೆಯನ್ನು ಜಡಿದು, ಅಲ್ಲಾಡಿಸಿ, ಹೊರಚೆಲ್ಲುವಂತೆ ಕೊಡುವುದು. ಚುರುಮುರಿ ಮಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೇರಿಗೆ ಸುಮ್ಮನೆ ಸುರಿದರೆ ತುಂಬಿದಂತೆ ಕಾಣುತ್ತದೆ. ಎರಡು ಸಲ ಕುಲುಕಿದರೆ ಒಂದು ಹಿಡಿ ಹೆಚ್ಚು ಹಿಡಿಯುತ್ತದೆ. ಅಂಗಡಿ ಮುಚ್ಚುವವರೆಗೆ ಕುಲುಕಿ ಕೊಟ್ಟೆ. ಒಂದೊಂದು ದಿನ ಬೇಸರದಿಂದ ಕೊಟ್ಟೆ, ಅದನ್ನೂ ಬರೆಯಬೇಕು. ಹೋದ ತಿಂಗಳು ಮಿಠಾಯಿ ಕೊಳ್ಳಲು ಹೋದಾಗ ರಟ್ಟಿನ ಡಬ್ಬಿಯನ್ನೂ ಸೇರಿಸಿ ತೂಗಿದರು. ಕೇಳೋಣವೆಂದು ಬಾಯಿ ತೆರೆದವನು, ಹಳೆಯದು ನೆನಪಾಗಿ ಸುಮ್ಮನೆ ದುಡ್ಡು ಕೊಟ್ಟು ಬಂದೆ.

ಮಗಳು ಈಗ ಪುಣೆಯಲ್ಲಿದ್ದಾಳೆ. ಈ ಪತ್ರ ಬರೆಯುವ ಮುಂಚೆ ಫೋನ್ ಮಾಡಿ ಆ ರಾತ್ರಿಯ ಬಗ್ಗೆ ಕೇಳಿದೆ. ತೂಕದ ಬಟ್ಟಿನ ಪ್ರಶ್ನೆ ಅವಳಿಗೆ ನೆನಪೇ ಇಲ್ಲ. ಓದುವಾಗ ಒಂದು ಪದಕ್ಕೆ ತಡವರಿಸಿದ್ದಕ್ಕೆ ಅಪ್ಪ ಕಾರಣವಿಲ್ಲದೆ ಸಿಡುಕಿದ್ದು ಮಾತ್ರ ನೆನಪಿದೆಯಂತೆ.

– ನಿವೃತ್ತ ಕಿರಾಣಿ ವ್ಯಾಪಾರಿ, ಬೆಟಗೇರಿ
(ಹೆಸರು ಅಚ್ಚು ಹಾಕುವ ಅಗತ್ಯವಿಲ್ಲ, ಓಣಿಯವರಿಗೆಲ್ಲ ಗೊತ್ತು.)