ತಾಳ್ಮೆಯ ಮೂರ್ತಿಗಳು ಯಾರು?

ಮಾನ್ಯ ಸಂಪಾದಕರೇ,

ವಿಮಾನ, ಟ್ಯಾಂಕ್‌ಗಳ ಪ್ಲಾಸ್ಟಿಕ್ ಮಾದರಿ ಜೋಡಿಸುವ ಹವ್ಯಾಸಿಗಳ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಅದರ ಪ್ರಕಾರ ನಾವೆಲ್ಲ ತಾಳ್ಮೆಯ ಮೂರ್ತಿಗಳು. ಕಾರ್ಖಾನೆಯೊಂದರ ನಕ್ಷೆ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು ನಾನು. ಈ ಬಳಗ ತಿಂಗಳಿಗೊಮ್ಮೆ ಸೇರುವುದು ನಮ್ಮ ಮನೆಯ ಊಟದ ಮೇಜಿನ ಸುತ್ತ. ಇಷ್ಟು ಜಗಳಗಂಟ ಮೂರ್ತಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಗ್ರಪೂಜೆ 'ರಿವೆಟ್ ಎಣಿಸುವವರಿಗೆ', ಅಂದರೆ ವಿಮಾನದ ತಗಡು ಬಿಗಿಯುವ ಮೊಳೆಗಳನ್ನೂ ಬಿಡದೆ ಅಳೆಯುವವರಿಗೆ, ಸಲ್ಲಬೇಕು. ನಮ್ಮಲ್ಲಿ ಆ ಪೈಕಿ ಒಬ್ಬರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರು. ಸೂಕ್ಷ್ಮ ಅಳತೆಯ ಉಪಕರಣ ವರ್ನಿಯರ್ ಕ್ಯಾಲಿಪರ್ ಇಲ್ಲದೆ ಬರುವುದಿಲ್ಲ. 1/72 ಅಳತೆಯ, ಅಂದರೆ ನಿಜದ 72ರಲ್ಲಿ ಒಂದು ಪಾಲಿನ, ಮಾದರಿಯಲ್ಲಿ ಅರ್ಧ ಮಿಲಿಮೀಟರ್ ಅಗಲದ ರಿವೆಟ್ ಕಂಡರೆ, "ನಿಜದ ವಿಮಾನದಲ್ಲಿ ಇದು 36 ಮಿಲಿಮೀಟರ್, ನಿಂಬೆಹಣ್ಣಿನ ಗಾತ್ರ!" ಎಂದು ಉಪ್ಪುಕಾಗದ ಕೈಗೆತ್ತಿಕೊಳ್ಳುತ್ತಾರೆ. ಲೆಕ್ಕ ಸರಿಯೇ, ಅದರಲ್ಲಿ ನನ್ನ ತಕರಾರಿಲ್ಲ. ಅವರು ಜೋಡಿಸುತ್ತಿರುವುದು ಎಚ್‌ಎಫ್-24 ಮಾರುತ್. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡು, 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ ವಿಮಾನ. ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ ಮಾರುತ್‌ನ ಮೂತಿಯನ್ನು ನಾಲ್ಕೂ ದಿಕ್ಕಿನಿಂದ ಚಿತ್ರ ತೆಗೆದುಕೊಂಡು ಬಂದಿದ್ದಾರೆ. ಮಾದರಿಗೆ ಇನ್ನೂ ಮೂತಿ ಕೂಡಿಲ್ಲ.

ಎದುರು ಕುಳಿತುಕೊಳ್ಳುವವರು ಧೂಳಿನ ಭಕ್ತರು. ಪ್ಯಾಸ್ಟೆಲ್ ಕಡ್ಡಿಯನ್ನು ಉಜ್ಜಿ ಪುಡಿ ಮಾಡಿ, ಹೊಸ ಬಣ್ಣದ ಮೇಲೆ ಮಸಿ, ತುಕ್ಕು, ಮರಳು ಬಳಿಯುತ್ತಾರೆ. 1971ರ ಯುದ್ಧದಲ್ಲಿ ಮಾರುತ್ ರಾಜಸ್ಥಾನದ ಗಡಿಯಲ್ಲಿ ಹಾರಿತ್ತು, ಆದ್ದರಿಂದ ಮರಳು ಬೇಕೇ ಬೇಕು ಎಂಬುದು ಇವರ ವಾದ. ವಾಯುಪಡೆಯವರು ವಿಮಾನ ಒರೆಸುತ್ತಿರಲಿಲ್ಲವೇ ಎಂದು ಬ್ಯಾಂಕಿನವರು. ಕಾಫಿ ಆರಿಹೋಗುತ್ತದೆ.

ಅಟ್ಟದ ತುಂಬ ಕಿಟ್ ಪೇರಿಸಿಟ್ಟು ಒಂದನ್ನೂ ಬಿಚ್ಚದವರೂ ಇದ್ದಾರೆ. ಕಂಪನಿ ಆ ಅಚ್ಚನ್ನು ನಿಲ್ಲಿಸಿದರೆ ಮತ್ತೆ ಸಿಗದು ಎಂಬುದು ಅವರ ಸಮರ್ಥನೆ. ಪೆಟ್ಟಿಗೆಯೊಳಗೇ ಡೆಕಾಲ್‌ಗಳು, ಅಂದರೆ ಮಾದರಿಯ ಮೇಲೆ ಅಂಟಿಸುವ ಗುರುತಿನ ಚಿತ್ರಗಳು, ಹಳದಿಗಟ್ಟುವುದನ್ನು ಮಾತ್ರ ಹೇಳುವುದಿಲ್ಲ.

ನನಗೆ ಇಷ್ಟವಾದವನು ಕಾಲೇಜಿನ ಒಬ್ಬ ಹುಡುಗ. ಸಿಕ್ಕ ಕುಂಚದಲ್ಲಿ ಬಣ್ಣ ಹಚ್ಚಿ, ರೆಕ್ಕೆಯ ಮೇಲೆ ಅಂಟಿನ ಬೆರಳಚ್ಚು ಬಿಟ್ಟು, ಒಂದು ಸ್ಪಿಟ್‌ಫೈರ್ ಮುಗಿಸಿ ತಂದಿದ್ದ. ಇಡೀ ಮೇಜಿನ ಮೇಲೆ ಪೂರ್ತಿಯಾಗಿದ್ದ ವಿಮಾನ ಅದೊಂದೇ. ಬ್ಯಾಂಕಿನವರು ಮಾತಿಲ್ಲದೆ ಅದಕ್ಕೆ ಕ್ಯಾಲಿಪರ್ ಇಟ್ಟರು. ಹುಡುಗ ಮುಂದಿನ ಸಲ ಬರಲಿಲ್ಲ. ಪ್ಲಾಸ್ಟಿಕ್ಕಿಗೆ ತೋರುವ ತಾಳ್ಮೆಯನ್ನು ಇವರು ಒಬ್ಬ ಹೊಸಬನಿಗೆ ತೋರಲಿಲ್ಲ. ನಿಮ್ಮ ಲೇಖನ ಓದಿ ನನಗೆ ಸಿಟ್ಟು ಬಂದದ್ದು ಇದಕ್ಕೇ.

ಕ್ಯಾಲಿಪರ್ ಇಟ್ಟ ಅಂದೇ ಬ್ಯಾಂಕಿನವರಿಗೆ ಒಂದು ಮಾತು ನೆನಪಿಸಿದೆ. ಟ್ಯಾಂಕ್ ಮಾದರಿಗಳ ಪವಿತ್ರ ಅಳತೆ 1/35 ಹುಟ್ಟಿದ್ದು ಯಾವ ಶಾಸ್ತ್ರದಿಂದಲೂ ಅಲ್ಲ. ಜಪಾನಿನ ತಮಿಯಾ ಕಂಪನಿ ಮೋಟಾರಿನ ಪ್ಯಾಂಥರ್ ಟ್ಯಾಂಕ್ ಮಾಡುವಾಗ, ಬ್ಯಾಟರಿಗಳು ಹಿಡಿಸುವಷ್ಟು ದೊಡ್ಡದಾಗಿ ಒಡಲು ಮಾಡಿತು. ಆಮೇಲೆ ಅಳೆದು ನೋಡಿದರೆ ಅದು 1/35 ಇತ್ತು. ಬ್ಯಾಂಕಿನವರು ಉತ್ತರ ಕೊಡಲಿಲ್ಲ.

ಲೇಖಕರು ಮತ್ತೊಮ್ಮೆ ಬರೆಯುವುದಾದರೆ ಮಾದರಿ ಇಟ್ಟ ಗಾಜಿನ ಬೀರುಗಳನ್ನು ಬಿಟ್ಟು ನಮ್ಮ ಮೇಜಿಗೆ ಬರಲಿ. ಎರಡನೇ ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಆ ಹುಡುಗನಿಗೂ ಹೇಳಿ ಕಳುಹಿಸಿದ್ದೇನೆ. ಕ್ಯಾಲಿಪರ್ ಮನೆಯಲ್ಲೇ ಬಿಟ್ಟು ಬನ್ನಿ ಎಂದು ಬ್ಯಾಂಕಿನವರಿಗೂ ಹೇಳಿಯಾಗಿದೆ.

– ನಿವೃತ್ತ ನಕ್ಷೆಗಾರ್ತಿ, ಬಸವನಗುಡಿ, ಬೆಂಗಳೂರು