ಎಡಕುಮೇರಿಯಲ್ಲಿ ದುಡಿಯುವವರ ಕಡೆಗೂ ನೋಡಿ

ಮಾನ್ಯರೇ,

ಮಳೆಗಾಲ ಬಂತೆಂದರೆ ಬೆಂಗಳೂರು–ಮಂಗಳೂರು ರೈಲಿನ ಕಿಟಕಿ ಸೀಟಿಗೆ ಎಲ್ಲಿಲ್ಲದ ಬೇಡಿಕೆ. ಸುರಂಗ, ಸೇತುವೆ, ಜಲಪಾತದ ವಿಡಿಯೊಗಳು ಮೊಬೈಲ್ ತುಂಬಾ ಓಡಾಡುತ್ತವೆ. ಅದೇ ಹಾದಿಯ ಎಡಕುಮೇರಿ ನಿಲ್ದಾಣದಲ್ಲಿ ದುಡಿಯುವವರ ಸುದ್ದಿ ಮಾತ್ರ ಯಾರಿಗೂ ಬೇಡ.

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ ಸುಮಾರು 55 ಕಿ.ಮೀ. ಘಾಟಿ, 57 ಸುರಂಗ. ನಡುಗಾಡಿನ ಈ ನಿಲ್ದಾಣಕ್ಕೆ ಸರಿಯಾದ ರಸ್ತೆಯೇ ಇಲ್ಲ. ಅಕ್ಕಿ, ತರಕಾರಿ, ಮಾತ್ರೆ ಎಲ್ಲಕ್ಕೂ ರೈಲೇ ಗತಿ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಹಲವು ದಿನ ರೈಲು ನಿಂತಿತು. ಪ್ರಯಾಣಿಕರಿಗೆ ಬಸ್ಸಾದರೂ ಇತ್ತು (ಶಿರಾಡಿ ರಸ್ತೆ ಸರಿಯಿದ್ದರೆ!). ಅಲ್ಲಿನ ಸಿಬ್ಬಂದಿ ಎಲ್ಲಿಗೆ ಹೋಗಬೇಕು? ರಾತ್ರಿ ಸುರಿಯುವ ಮಳೆಯಲ್ಲಿ ಟಾರ್ಚ್ ಹಿಡಿದು, ಬಂಡೆ ಬಿದ್ದಿದೆಯಾ ಎಂದು ಹಳಿಗುಂಟ ನಡೆದು ನೋಡುವವರು ಇವರೇ. ಜಾರಿ ಬಿದ್ದರೆ, ಹಾವು ಕಚ್ಚಿದರೆ ಆಸ್ಪತ್ರೆಗೂ ರೈಲನ್ನೇ ಕಾಯಬೇಕು.

ಇದರ ಮೇಲೆ ಚಾರಣದವರ ಕಾಟ ಬೇರೆ. ಹಳಿ ಮೇಲೆ ನಡೆಯುವುದು ಅಪರಾಧ ಅಂತ ಗೊತ್ತಿದ್ದೂ ಕದ್ದು ಬರುತ್ತಾರೆ, ಬಾಟಲಿ ಎಸೆದು ಹೋಗುತ್ತಾರೆ. ಸುರಂಗದೊಳಗೆ ರೈಲು ಎದುರಾದರೆ ಓಡುವುದಕ್ಕೆ ಜಾಗವಾದರೂ ಎಲ್ಲಿದೆ?

ಮಳೆಗಾಲದ ನಾಲ್ಕು ತಿಂಗಳಾದರೂ ಎಡಕುಮೇರಿಯಲ್ಲಿ ಪ್ರಥಮ ಚಿಕಿತ್ಸೆ ಬಲ್ಲ ಒಬ್ಬರು ಸದಾ ಇರಲಿ. ತುರ್ತಿಗೆ ಹಳಿ ಮೇಲೆ ಓಡುವ ಒಂದು ಟ್ರಾಲಿ ಸಿದ್ಧವಿರಲಿ. ವಿದ್ಯುದೀಕರಣಕ್ಕೆ ಕೋಟಿಗಟ್ಟಲೆ ಸುರಿದ ಮಾರ್ಗದಲ್ಲಿ ಇದೇನು ಜಾಸ್ತಿ ಅಲ್ಲ, ಅಲ್ವಾ?

– ಒಬ್ಬ ಪ್ರಯಾಣಿಕ, ಸಕಲೇಶಪುರ