ವಿಶ್ವಾಸಿಗೆ ಚಿಂತೆಯೇ ಬರಬಾರದೇ?

ಮಾನ್ಯ ಸಂಪಾದಕರೇ,

ಮನಸ್ಸಿನ ನೆಮ್ಮದಿಯ ಕುರಿತು ತಮ್ಮ ಪತ್ರಿಕೆಯ ಓದುಗರ ವಿಭಾಗದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ದೇವರ ಮೇಲೆ ಭಾರ ಹಾಕುವುದೆಂದರೆ ಕೈಕಟ್ಟಿ ಕೂರುವವರು ಹುಡುಕಿಕೊಂಡ ನೆಪ ಎಂದು ಒಬ್ಬ ಓದುಗರು ಬರೆದರೆ, ದೇವರನ್ನು ನಿಜವಾಗಿ ನಂಬಿದವನ ಮನಸ್ಸಿನಲ್ಲಿ ಭಯಕ್ಕೂ ಚಿಂತೆಗೂ ಜಾಗವೇ ಇರುವುದಿಲ್ಲ ಎಂದು ಇನ್ನೊಬ್ಬರು, ನಮ್ಮ ಕ್ರೈಸ್ತ ಬಂಧುಗಳೇ ಇರಬೇಕು, ಉತ್ತರ ಕೊಟ್ಟಿದ್ದಾರೆ. ಮೊದಲನೆಯವರ ಮಾತಿಗಿಂತ ಎರಡನೆಯವರ ಮಾತೇ ನನಗೆ ಹೆಚ್ಚು ಕಳವಳ ತಂದಿತು. ಹೊರಗಿನವರ ಟೀಕೆಯಿಂದ ವಿಶ್ವಾಸಕ್ಕೆ ಅಂಥ ಹಾನಿಯೇನೂ ಆಗದು. ಆದರೆ ಒಳಗಿನವರೇ ಹೀಗೆ ಹೇಳತೊಡಗಿದರೆ, ಮೊದಲೇ ಕಷ್ಟದಲ್ಲಿರುವ ಸಾಮಾನ್ಯ ವಿಶ್ವಾಸಿಯೊಬ್ಬ ತನ್ನ ಕಷ್ಟದ ಜೊತೆಗೆ, ತನಗೆ ವಿಶ್ವಾಸ ಸಾಲದೆಂಬ ಅಳುಕನ್ನೂ ಹೊತ್ತು ತಿರುಗಬೇಕಾಗುತ್ತದೆ.

ನಾನು ಮೂಡಿಗೆರೆ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. ಕಥೋಲಿಕ ಧರ್ಮಸಭೆಗೆ ಸೇರಿದವನು. ದೇವಶಾಸ್ತ್ರ ಓದಿಕೊಂಡವನಲ್ಲ. ಆದರೆ ಚಿಂತೆ ಎಂದರೇನೆಂದು ಮಲೆನಾಡಿನ ಬೆಳೆಗಾರನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೇಸಿಗೆಯ ಮೊದಲಿಗೆ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬರುವುದೋ ಇಲ್ಲವೋ, ಬಂದರೂ ಹೂವು ಕಾಯಿಕಟ್ಟಲು ಅದರ ಬೆನ್ನಿಗೆ ಬೀಳಬೇಕಾದ ಬ್ಯಾಕಿಂಗ್ ಮಳೆ ಕೈಕೊಡುವುದೋ, ಜುಲೈ ಆಗಸ್ಟಿನಲ್ಲಿ ಎಡೆಬಿಡದೆ ಸುರಿದು ಕಾಯಿ ಉದುರುವುದೋ, ಕೊಯ್ಲಾಗಿ ಕಣದಲ್ಲಿ ಹರವಿದ ಮೇಲೆ ಅಕಾಲದ ಮಳೆ ಹಿಡಿದು ಟಾರ್ಪಾಲಿನ ಅಡಿಯಲ್ಲೇ ಬೂಷ್ಟು ಬರುವುದೋ, ರಾತ್ರಿ ಆನೆ ತೋಟಕ್ಕೆ ಇಳಿಯುವುದೋ, ಬ್ಯಾಂಕಿನ ಕಂತು ಕಟ್ಟುವ ಹೊತ್ತಿಗೆ ಬೆಲೆ ಎಲ್ಲಿರುವುದೋ, ಹೀಗೆ ವರ್ಷದ ಒಂದೊಂದು ತಿಂಗಳಿಗೂ ಒಂದೊಂದು ಚಿಂತೆ ನಮಗೆ ಮೀಸಲು. ಇವುಗಳಲ್ಲಿ ಬಹುಪಾಲು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಚಿಂತಿಸಬೇಡಿರಿ ಎಂಬ ಯೇಸುಸ್ವಾಮಿಯ ಮಾತು ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಓದಲ್ಪಟ್ಟಾಗ, ಅದನ್ನು ಸುಲಭದ ಸಮಾಧಾನವೆಂದು ಕೇಳಿಸಿಕೊಳ್ಳಲು ನಮ್ಮಂಥವರಿಗೆ ಸಾಧ್ಯವಿಲ್ಲ.

ಆ ಮಾತು ಬರುವುದು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ. ಅದನ್ನು ಮೊದಲು ಕೇಳಿಸಿಕೊಂಡವರು ಯಾರೆಂಬುದನ್ನು ಗಮನಿಸಬೇಕು. ರೋಮನ್ನರ ತೆರಿಗೆಯ ಕೆಳಗೆ ನಲುಗುತ್ತಿದ್ದ ಗಲಿಲೇಯದ ಬೆಸ್ತರು, ಬೇಸಾಯಗಾರರು, ಅಂದಂದಿನ ಕೂಲಿಯನ್ನು ನಂಬಿ ಬದುಕುತ್ತಿದ್ದವರು ಅವರು. ಅವರಿಗೆ ಯೇಸು ನಾಳೆ ನಿಮಗೆ ಕಷ್ಟವೇ ಬಾರದು ಎಂದು ಹೇಳಲಿಲ್ಲ. ನಾಳೆಗೆ ನಾಳೆಯದೇ ಕಷ್ಟ ಇದೆ, ಇವತ್ತಿಗೆ ಇವತ್ತಿನದು ಸಾಕು ಎಂದರು. ಅದೇ ಅಧ್ಯಾಯದಲ್ಲಿ ಅವರು ಕಲಿಸಿಕೊಟ್ಟ ಪ್ರಾರ್ಥನೆಯಲ್ಲಿಯೂ ನಾವು ಆಹಾರ ಕೇಳುವುದು ಇಂದಿಗೆ ಮಾತ್ರ. ಇನ್ನೂ ಹಿಂದಕ್ಕೆ ಹೋದರೆ, ಬೈಬಲಿನ ವಿಮೋಚನಾಕಾಂಡದಲ್ಲಿ ಇಸ್ರಾಯೇಲರು ಮರುಭೂಮಿಯಲ್ಲಿ ದೇವರು ಕೊಟ್ಟ ಮನ್ನ ಎಂಬ ಆಹಾರವನ್ನು ಅಂದಂದಿಗೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕಾಗಿತ್ತು. ಮಾತು ಮೀರಿ ಮರುದಿನಕ್ಕೆ ತೆಗೆದಿರಿಸಿಕೊಂಡವರ ಪಾತ್ರೆಯಲ್ಲಿ ಅದು ಹುಳ ಬಿದ್ದು ನಾರಿತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದನ್ನು ಕೂಡಿಸಲು ಅಪ್ಪಣೆಯಿತ್ತು. ನಾನು ತಿಳಿದಂತೆ ದೇವರಲ್ಲಿ ಭರವಸೆ ಇಡುವುದನ್ನು ಬೈಬಲ್ ಒಂದೊಂದು ದಿನದ ಲೆಕ್ಕದಲ್ಲಿಯೇ ಹೇಳುತ್ತದೆ. ಇಡೀ ಬದುಕಿನ ಭಯವನ್ನು ಒಂದೇ ಸಲಕ್ಕೆ ಕಳೆದುಕೊಳ್ಳಬೇಕೆಂದು ಅದು ಯಾರನ್ನೂ ಕೇಳುವುದಿಲ್ಲ.

2019ರ ಆಗಸ್ಟ್ ತಿಂಗಳ ಮಳೆಯನ್ನು ನಮ್ಮ ತಾಲ್ಲೂಕಿನವರು ಮರೆಯುವ ಹಾಗಿಲ್ಲ. ಹಲವು ಕಡೆ ಗುಡ್ಡ ಜರಿದು ಮನೆ, ತೋಟ, ಗದ್ದೆಗಳು ಮಣ್ಣಿನಡಿ ಸೇರಿದವು. ಆ ರಾತ್ರಿಗಳಲ್ಲಿ ನಮ್ಮ ದೊಡ್ಡಮ್ಮ ಮಾಡುತ್ತಿದ್ದುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕತ್ತಲಾಗುವ ಮೊದಲು ತಲೆಗೆ ಕಂಬಳಿಕೊಪ್ಪೆ ಹಾಕಿಕೊಂಡು, ಗುದ್ದಲಿ ಹಿಡಿದು ಮನೆಯ ಹಿಂದಿನ ಧರೆಯ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಯ, ಬುಡಕ್ಕೆ ಹೋಗಿ, ಚರಂಡಿಗೆ ಅಡ್ಡ ಸಿಕ್ಕಿಕೊಂಡ ಸಿಲ್ವರ್ ಓಕ್ ಎಲೆಯನ್ನೂ ಹೂಳನ್ನೂ ಎಳೆದು ತೆಗೆದು ನೀರಿಗೆ ದಾರಿ ಮಾಡಿ, ಧರೆಯಲ್ಲಿ ಹೊಸ ಬಿರುಕೇನಾದರೂ ಬಿಟ್ಟಿದೆಯೇ ಎಂದು ಟಾರ್ಚ್ ಹಾಕಿ ನೋಡಿ, ಆಮೇಲೆ ಮಕ್ಕಳನ್ನು ಹಿಂಬದಿಯ ಕೋಣೆಯಿಂದ ಎಬ್ಬಿಸಿ ಮುಂದಿನ ಜಗಲಿಯಲ್ಲಿ ಮಲಗಿಸುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಕೈಕಾಲು ತೊಳೆದುಕೊಂಡು ಜಪಸರ ಹಿಡಿಯುವರು. ಜಪಸರ ಮುಗಿದ ಮೇಲೆ ಇನ್ನೊಂದು ಸಲ ಬಾಗಿಲು ತೆಗೆದು ಹೊರಗೆ ಇಣುಕಿದವರಲ್ಲ. “ಅದು ಹೇಗೆ ನಿದ್ದೆ ಬರ್ತದೆ ದೊಡ್ಡಮ್ಮ?” ಎಂದು ಕೇಳಿದ್ದಕ್ಕೆ, “ನನ್ನ ಕೈಲಾಗೋದು ಮುಗೀತಲ್ಲ ಮಗ, ಇನ್ನು ರಾತ್ರಿ ಪಾಳಿ ಅವನದ್ದು” ಎಂದರು. “ಹಾಗಾದ್ರೆ ಹೆದರಿಕೆ ಇಲ್ವಾ?” ಎಂದೆ. “ಇಲ್ಲದೆ ಏನು! ಹೆದರಿಕೆ ಇದ್ದದ್ದಕ್ಕೇ ಮಕ್ಕಳನ್ನ ಇಲ್ಲಿ ಮಲಗಿಸಿದ್ದು” ಎಂದರು.

ಚರ್ಚೆಯಲ್ಲಿ ಭಾಗವಹಿಸಿದ ಇಬ್ಬರು ಓದುಗರಿಗೂ ದೊಡ್ಡಮ್ಮನ ಈ ಎರಡು ಮಾತುಗಳಲ್ಲಿ ಉತ್ತರವಿದೆ ಎಂದು ನನ್ನ ಎಣಿಕೆ. ಭಾರ ಹಾಕುವ ಮೊದಲು ಗುದ್ದಲಿ ಹಿಡಿದವರನ್ನು ಸೋಮಾರಿ ಎನ್ನಲಾಗದು. ಹೆದರಿಕೆಯನ್ನು ಒಪ್ಪಿಕೊಂಡೇ ನಿದ್ದೆಗೆ ಹೋದವರನ್ನು ಅಲ್ಪವಿಶ್ವಾಸಿ ಎನ್ನಲೂ ಆಗದು.

ಚಿಂತೆ ಪಾಪವೆಂದು ಬೋಧಿಸುವವರು ಸಾಮಾನ್ಯವಾಗಿ ಎತ್ತಿ ತೋರಿಸುವುದು ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ 4ನೇ ಅಧ್ಯಾಯವನ್ನು. ಯಾವುದಕ್ಕೂ ಚಿಂತೆ ಮಾಡದೆ ನಿಮ್ಮ ಕೋರಿಕೆಗಳನ್ನು ಕೃತಜ್ಞತೆಯೊಡನೆ ದೇವರ ಮುಂದಿಡಿ, ಆಗ ಗ್ರಹಿಕೆಗೆ ಮೀರಿದ ದೇವರ ಶಾಂತಿ ನಿಮ್ಮ ಹೃದಯಗಳನ್ನು ಕಾಯುವುದು ಎಂಬುದು ಅಲ್ಲಿನ ಬೋಧನೆ. ಸೆರೆಯಲ್ಲಿದ್ದು, ತನ್ನ ತಲೆ ಉಳಿಯುವುದೋ ಇಲ್ಲವೋ ಎಂಬುದೇ ತಿಳಿಯದ ಸ್ಥಿತಿಯಲ್ಲಿ ಒಬ್ಬರು ಹೀಗೆ ಬರೆದರೆಂಬುದು ಸಣ್ಣ ಸಂಗತಿಯಲ್ಲ. ಆದರೆ ಅದೇ ಪತ್ರದ 2ನೇ ಅಧ್ಯಾಯವನ್ನು ಯಾರೂ ಜೋಡಿಸಿ ಓದುವುದಿಲ್ಲ. ಫಿಲಿಪ್ಪಿಯ ಸಭೆಯವರು ಪೌಲರ ನೆರವಿಗೆಂದು ಕಳುಹಿಸಿದ್ದ ಎಪಫ್ರೊದೀತ ಎಂಬಾತ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿದ್ದ. ಅವನು ಉಳಿದುಕೊಂಡದ್ದು ದೇವರ ದಯೆ, ಇಲ್ಲವಾದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎಂದು ಪೌಲರು ಬರೆಯುತ್ತಾರೆ. ಅವನನ್ನು ನಿಮ್ಮ ಬಳಿಗೆ ಕಳುಹಿಸಿದರೆ ನಿಮಗೆ ಸಂತೋಷವಾಗುವುದು, ನನಗೂ ಮನಸ್ಸಿನ ಭಾರ ಕಡಿಮೆಯಾಗುವುದು ಎಂದೂ ಸೇರಿಸುತ್ತಾರೆ. ಚಿಂತಿಸಬೇಡಿರಿ ಎಂದು ಬೋಧಿಸಿದ ಲೇಖನಿಯಿಂದಲೇ, ಎರಡು ಅಧ್ಯಾಯಗಳ ಹಿಂದೆ, ಈ ಮಾತು ಬಂದಿದೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಅವರು ಎಲ್ಲ ಸಭೆಗಳ ಚಿಂತೆ ತನ್ನನ್ನು ದಿನದಿನವೂ ಒತ್ತುತ್ತಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ತನ್ನ ದೇಹದಲ್ಲಿ ನಾಟಿದ ಮುಳ್ಳನ್ನು ತೆಗೆದುಹಾಕೆಂದು ಮೂರು ಸಾರಿ ಬೇಡಿಕೊಂಡರೂ ಅದು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಮಾತ್ರ ಸಿಕ್ಕಿತು ಎನ್ನುವವರೂ ಅವರೇ. ಹಾಗಾದರೆ ಪೌಲರಿಗೆ ವಿಶ್ವಾಸ ಸಾಲದಾಗಿತ್ತೇ? ಪತ್ರಗಳನ್ನು ಪೂರ್ತಿಯಾಗಿ ಓದಿದವರು ಆ ಮಾತಾಡಲಾರರು. ವಾಟ್ಸ್‌ಆ್ಯಪ್‌ನಲ್ಲಿ ಹೂವಿನ ಚಿತ್ರದ ಮೇಲೆ ಒಂದೇ ಒಂದು ವಚನವನ್ನು ಅಂಟಿಸಿ ಬೆಳಗ್ಗೆ ಐದಕ್ಕೇ ಕಳುಹಿಸುವವರ ಸಂಗತಿ ಬೇರೆ.

ಕೇಳಿದ್ದು ಸಿಗುವುದೇ ವಿಶ್ವಾಸದ ಗುರುತು ಎಂದಾದರೆ, ನಮ್ಮ ನೆರೆಯ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಕ್ರೈಸ್ತರನ್ನು ಏನೆನ್ನಬೇಕು? 19ನೇ ಶತಮಾನದಲ್ಲಿ ಫ್ರೆಂಚ್ ಮಿಶನರಿಗಳು ಕಟ್ಟಿಸಿದ ಅಲ್ಲಿಯ ಚರ್ಚು, ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸಿಕ್ಕಿತು; ಜನ ಊರು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ತಮ್ಮ ಊರೂ ಗುಡಿಯೂ ಉಳಿಯಲೆಂದು ಅವರು ಬೇಡಿಕೊಳ್ಳದೆ ಇದ್ದಿರಲಾರರು. ನೀರು ನಿಲ್ಲಲಿಲ್ಲ. ಇಂದು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಹೊರಗೆ ಕಾಣುವ ಆ ಗೋಡೆಗಳ ಮುಂದೆ ಮದುವೆಯ ಫೋಟೊ ತೆಗೆಸಿಕೊಳ್ಳುವವರ ಸಾಲೇ ಇದೆ. ಆದರೆ ಮುಳುಗಿದ್ದು ಒಂದು ಊರಿನ ಬದುಕು ಎಂಬುದನ್ನು ನೆನೆಯುವವರು ಕಡಿಮೆ. ಹೋದ ಕಡೆಯಲ್ಲಿ ಪ್ರಾರ್ಥನೆಯನ್ನು ಮುಂದುವರಿಸಿದ ಆ ಜನರಿಗೆ, ನಿಮ್ಮ ವಿಶ್ವಾಸ ಇನ್ನಷ್ಟು ಗಟ್ಟಿಯಾಗಿದ್ದರೆ ನೀರು ಬರುತ್ತಿರಲಿಲ್ಲ ಎಂದು ಎದುರು ನಿಂತು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಇನ್ನು, ಈ ಪತ್ರ ಬರೆಯಲು ಮುಖ್ಯ ಕಾರಣವಾದ ಸಂಗತಿಗೆ ಬರುತ್ತೇನೆ. ನನ್ನ ಪರಿಚಯದ ಒಬ್ಬರು ಸಾಲ ಮತ್ತು ಬೆಳೆನಷ್ಟದಿಂದ ಕುಗ್ಗಿ, ಊಟ ನಿದ್ದೆ ಬಿಟ್ಟು, ಮಾತೂ ಕಡಿಮೆ ಮಾಡಿ, ಕೊನೆಗೆ ವೈದ್ಯರ ಬಳಿ ಹೋಗಿ ಮಾತ್ರೆ ತೆಗೆದುಕೊಳ್ಳತೊಡಗಿದ್ದರು. ಅವರು ಹೋಗುತ್ತಿದ್ದ ಪ್ರಾರ್ಥನಾ ಕೂಟವೊಂದರಲ್ಲಿ, ಮಾತ್ರೆಯನ್ನು ನಂಬುವವನು ದೇವರನ್ನು ನಂಬಿದಂತಾಗುವುದಿಲ್ಲ ಎಂದು ಹೇಳಿ ಮಾತ್ರೆ ಬಿಡಿಸಿದರು. ಮುಂದೆ ಏನಾಯಿತೆಂದು ವಿವರಿಸುವುದು ಆ ಕುಟುಂಬಕ್ಕೆ ಹಿತವಲ್ಲ. ಹೆಂಡತಿ ಗಟ್ಟಿಯಾಗಿ ನಿಂತು ಮತ್ತೆ ಆಸ್ಪತ್ರೆಗೆ ಕರೆದೊಯ್ದದ್ದರಿಂದ ಮನುಷ್ಯ ಉಳಿದರು ಎಂದಷ್ಟೇ ಹೇಳಬಲ್ಲೆ. ಈಗ ಮಾತ್ರೆಯನ್ನೂ ಬಿಡದೆ, ಪೂಜೆಯನ್ನೂ ತಪ್ಪಿಸದೆ ಇದ್ದಾರೆ. ಒಂದಕ್ಕೆ ಇನ್ನೊಂದು ಅಡ್ಡಿಯಾದದ್ದನ್ನು ನಾನು ಕಂಡಿಲ್ಲ.

ಮಾತ್ರೆ ಬಿಡಿಸಿದವರು ಬೈಬಲಿನ ಅರಸರ ಮೊದಲನೇ ಗ್ರಂಥದ 19ನೇ ಅಧ್ಯಾಯವನ್ನು ಓದಿದ್ದರೋ ಇಲ್ಲವೋ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡ ಪ್ರವಾದಿ ಎಲೀಯ, ರಾಣಿಯ ಕೊಲೆ ಬೆದರಿಕೆಗೆ ಹೆದರಿ ಓಡಿ, ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ನನಗೆ ಸಾಕಾಯಿತು, ನನ್ನ ಪ್ರಾಣವನ್ನು ತೆಗೆದುಕೋ ಎಂದು ದೇವರನ್ನು ಬೇಡಿ ಮಲಗಿಬಿಡುತ್ತಾನೆ. ಅಂಥ ಹೊತ್ತಿನಲ್ಲಿ ದೇವದೂತ ಬಂದು ಅವನ ವಿಶ್ವಾಸವನ್ನು ಪರೀಕ್ಷಿಸಲಿಲ್ಲ, ಬೈಯಲೂ ಇಲ್ಲ. ತಟ್ಟಿ ಎಬ್ಬಿಸಿ, ಏಳು, ಊಟ ಮಾಡು ಎಂದ. ತಲೆಯ ಹತ್ತಿರ ಕಾದ ಕಲ್ಲಿನ ಮೇಲೆ ಸುಟ್ಟ ರೊಟ್ಟಿಯೂ ಒಂದು ತಂಬಿಗೆ ನೀರೂ ಇದ್ದವು. ಎಲೀಯ ತಿಂದು ಕುಡಿದು ಮತ್ತೆ ಮಲಗಿದ. ದೂತ ಅವನನ್ನು ಮಲಗಲು ಬಿಟ್ಟ. ಎರಡನೇ ಸಲ ಎಬ್ಬಿಸಿ, ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು, ಇನ್ನೊಮ್ಮೆ ಉಣ್ಣು ಎಂದ. ಹೋರೇಬ್ ಬೆಟ್ಟದಲ್ಲಿ ದೇವರು ಅವನೊಡನೆ ಮಾತಾಡಿದ್ದು ಇದೆಲ್ಲ ಆದ ಮೇಲೆ, ನಲವತ್ತು ದಿನಗಳ ದಾರಿ ನಡೆದ ಮೇಲೆ. ಸಾಯಬೇಕೆಂದುಕೊಂಡವನಿಗೆ ದೇವರು ಮೊದಲು ಕಳುಹಿಸಿದ್ದು ಅನ್ನ ಮತ್ತು ನಿದ್ದೆಯನ್ನು. ಹಾಗಿರುವಾಗ ನಿದ್ದೆ ಬರಿಸುವ, ಹಸಿವು ಮರಳಿಸುವ ಔಷಧಿಯನ್ನು ದೇವರಿಗೆ ವಿರೋಧವೆಂದು ಹೇಳಲು ಯಾವ ಆಧಾರವಿದೆ? ಪೌಲರ ಜೊತೆಗಾರ ಲೂಕನೇ ವೈದ್ಯನಾಗಿದ್ದ.

ಕೀರ್ತನೆಗಳ ಗ್ರಂಥವನ್ನು ನೋಡಿದರೂ ಅಷ್ಟೇ. ಅಲ್ಲಿರುವ 150 ಕೀರ್ತನೆಗಳಲ್ಲಿ ಗೋಳಾಟದ ಪ್ರಾರ್ಥನೆಗಳು ಬಹಳ ಇವೆ. 88ನೆಯದಂತೂ ಒಂದು ಸಮಾಧಾನದ ಮಾತೂ ಇಲ್ಲದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದನ್ನು ಯಾರೂ ಗ್ರಂಥದಿಂದ ತೆಗೆದುಹಾಕಲಿಲ್ಲ. ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿಯೇ ತನ್ನ ಪ್ರಾಣ ಸಾಯುವಷ್ಟು ದುಃಖಕ್ಕೊಳಗಾಗಿದೆ ಎಂದು ಶಿಷ್ಯರ ಬಳಿ ಹೇಳಿಕೊಂಡು, ನನ್ನ ಜೊತೆ ಎಚ್ಚರವಾಗಿರಿ ಎಂದು ಅವರನ್ನು ಕೇಳಿಕೊಂಡರು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು, ಯೇಸುವಿನ ಯಾತನೆಯನ್ನು ನೆನೆಯುವ ಶಿಲುಬೆಯ ಹಾದಿ ಪ್ರಾರ್ಥನೆಯಲ್ಲಿ ಮೊಣಕಾಲೂರುವ ನಾವು, ದುಃಖಿಸುವವನನ್ನು ಕಂಡು ವಿಶ್ವಾಸವಿಲ್ಲದವನು ಎನ್ನುವುದು ವಿಚಿತ್ರ.

ಮೊದಲ ಪತ್ರ ಬರೆದ ಓದುಗರಿಗೆ ಹೇಳುವುದು ಸ್ವಲ್ಪವೇ ಇದೆ. ದೇವರ ಹೆಸರಿನಲ್ಲಿ ಹೊಣೆ ಜಾರಿಸಿಕೊಳ್ಳುವವರು ನಮ್ಮಲ್ಲಿಯೂ ಇದ್ದಾರೆ, ಅವರನ್ನು ಸಮರ್ಥಿಸುವುದಿಲ್ಲ. ಆದರೆ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದ ಮೇಲೂ, ಫಲ ನನ್ನದಲ್ಲ ಎಂದು ಬಿಟ್ಟುಕೊಡಲಾಗದೆ ರಾತ್ರಿಯಿಡೀ ಹೊರಳಾಡುವವರೇ ನಮ್ಮ ಬೆಳೆಗಾರರಲ್ಲಿ ಹೆಚ್ಚು. ಅವರಿಗೆ ಇನ್ನಷ್ಟು ದುಡಿಯಿರಿ ಎಂಬ ಸಲಹೆಯಿಂದ ಉಪಯೋಗವಿಲ್ಲ.

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಎಲ್ಲ ಪಂಗಡಗಳ ಗುರುಗಳು, ಸಭಾಪಾಲಕರು ಮತ್ತು ಪ್ರಾರ್ಥನಾ ಕೂಟಗಳನ್ನು ನಡೆಸುವವರಲ್ಲಿ ತಮ್ಮ ಪತ್ರಿಕೆಯ ಮೂಲಕ ನನ್ನದೊಂದು ಕೋರಿಕೆಯಿದೆ. ಧ್ಯಾನಕೂಟಗಳಲ್ಲಿ ಭಕ್ತರಿಗೆ ವೈದ್ಯರ ಔಷಧಿ ಬಿಡಲು ಹೇಳುವ ಬೋಧಕರಿಗೆ ವೇದಿಕೆ ಕೊಡಬೇಡಿ. ಮನಸ್ಸು ಕುಗ್ಗಿದೆ ಎಂದು ಯಾರಾದರೂ ಬಂದರೆ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಮರುದಿನ ಅವರ ಜೊತೆ ಜಿಲ್ಲಾಸ್ಪತ್ರೆಗೂ ಹೋಗಿ. ಮಾನಸಿಕ ಆರೋಗ್ಯಕ್ಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಪೂಜೆಯ ವೇಳಾಪಟ್ಟಿ ಹಾಕುವ ಫಲಕದಲ್ಲಿ ಈ ಐದು ಅಂಕಿಗಳಿಗೂ ಜಾಗ ಕೊಡಿ. ತಾವೂ ಈ ಚರ್ಚೆಯ ಮುಂದಿನ ಪತ್ರಗಳ ಕೆಳಗೆ ಆ ಸಂಖ್ಯೆಯನ್ನು ಅಚ್ಚು ಹಾಕಿದರೆ ಉಪಕಾರವಾಗುವುದು.

ಮೇಲೆ ಹೇಳಿದ ಕುಟುಂಬದ ಗುರುತು ಸಿಗಬಾರದೆಂಬ ಕಾರಣಕ್ಕೆ ನನ್ನ ಹೆಸರನ್ನೂ ಊರನ್ನೂ ಪ್ರಕಟಿಸಬಾರದಾಗಿ ಕೋರುತ್ತೇನೆ.

ವಂದನೆಗಳೊಂದಿಗೆ,
ಒಬ್ಬ ಕಾಫಿ ಬೆಳೆಗಾರ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ